ಮುಖದ ಗೆರೆಗೆ ಸೂಜಿ ಮದ್ದು: ತಾರೆಯರ ಗುಟ್ಟು ಘಟ್ಟಕ್ಕೂ ಬಂತು!

ಚಿತ್ರರಂಗದಲ್ಲಿ ಯಾರಿಗೆ ಬೇಗ ವಯಸ್ಸಾಗುತ್ತದೆ, ಹೇಳಿ ನೋಡೋಣ? ನಾಯಕನಿಗಲ್ಲ ಸ್ವಾಮಿ, ನಾಯಕಿಗೆ!

ನಂಬಿಕೆ ಬರಲಿಲ್ಲವೇ? 1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂತು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ಅವರಿಗೆ ಜೋಡಿ ಪಂಢರಿಬಾಯಿ. ಮೂವತ್ತೆರಡು ವರ್ಷ ಕಳೆದು 1986ರಲ್ಲಿ ‘ಅನುರಾಗ ಅರಳಿತು’ ಬಂದಾಗ ರಾಜ್ ಇನ್ನೂ ನಾಯಕರೇ. ಪಂಢರಿಬಾಯಿ? ಅವರ ತಾಯಿ! ಇಬ್ಬರ ವಯಸ್ಸಿನಲ್ಲಿ ಹೇಳಿಕೊಳ್ಳುವಂಥ ಅಂತರವೇನೂ ಇರಲಿಲ್ಲ. ಪಂಢರಿಬಾಯಿ ಅದರಲ್ಲೂ ಗೆದ್ದರು, ಕನ್ನಡಿಗರ ಪಾಲಿಗೆ ‘ಅಮ್ಮ’ನೇ ಆದರು ಅನ್ನಿ. ಆದರೆ ಆ ದಾರಿ ಎಲ್ಲರಿಗೂ ಹಿಡಿಸುತ್ತದೆಯೇ? ಕಣ್ಣಂಚಿನಲ್ಲಿ ಮೊದಲ ಗೆರೆ ಕಂಡ ದಿನ ಕನ್ನಡಿ ಮುಂದೆ ಬೆಚ್ಚಿ ನಿಂತ ತಾರೆಯರು ಎಷ್ಟು ಮಂದಿಯೋ!

ಹಿಂದೆ ಇಂಥ ಗೆರೆ ಮುಚ್ಚುವ ಹೊಣೆ ಕ್ಯಾಮೆರಾಮನ್‌ನದು. ಲೆನ್ಸಿನ ಮುಂದೆ ತೆಳುವಾದ ಬಲೆ ಬಟ್ಟೆ ಕಟ್ಟುತ್ತಿದ್ದರು. ಗಾಜಿಗೆ ಚೂರು ವ್ಯಾಸಲೀನ್ ಸವರುತ್ತಿದ್ದರು. ಕ್ಲೋಸಪ್ ಬಂತೆಂದರೆ ಎದುರಿನಿಂದ ಮೆದು ಬೆಳಕು. ಗೆರೆ ಮಾಯ, ನಾಯಕಿ ಖುಷಿ, ನಿರ್ಮಾಪಕ ನಿರಾಳ! ಈಗಿನ ಡಿಜಿಟಲ್ ಕ್ಯಾಮೆರಾಕ್ಕೆ ಇಂಥ ದಾಕ್ಷಿಣ್ಯ ಇಲ್ಲ. ಚರ್ಮದ ರಂಧ್ರ ರಂಧ್ರವನ್ನೂ ಎಣಿಸಿ ತೋರಿಸುತ್ತದೆ. ಹಾಗಾಗಿ ಲೆನ್ಸಿಗೆ ಮಾಡುತ್ತಿದ್ದ ಚಿಕಿತ್ಸೆಯನ್ನು ಈಗ ಮುಖಕ್ಕೇ ಮಾಡಿಸಿಕೊಳ್ಳುವ ಕಾಲ ಬಂದಿದೆ. ಅದರ ಹೆಸರು ‘ಫಿಲ್ಲರ್’. ಸೂಜಿಯಿಂದ ಚರ್ಮದ ಅಡಿಗೆ ಜೆಲ್ ತುಂಬಿ ಗೆರೆ, ಮಡಿಕೆ, ಗುಳಿಗಳನ್ನು ಎತ್ತಿ ಸಮ ಮಾಡುವುದು.

ಗಾಂಧಿನಗರದ ಮಾತು ಗಾಂಧಿನಗರದಲ್ಲೇ ಉಳಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಈಗ ನಮ್ಮ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮದುವೆ ಮನೆಗಳಲ್ಲೂ ಇದರದೇ ಪಿಸುಮಾತು! “ಅವಳ ಕೆನ್ನೆ ನೋಡಿದ್ರಾ? ಬೆಂಗಳೂರಿಗೆ ಹೋಗಿ ಬಂದಿದ್ದಾಳಂತೆ!” ಇದೇನು ಕಥೆ ನೋಡೇ ಬಿಡೋಣ ಎಂದು ಮೂರೂ ಊರು ಸುತ್ತಿ ಬಂದೆ.

ಸೂಜಿಯೊಳಗೆ ಇರುವುದೇನು?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಜನ ‘ಬೊಟಾಕ್ಸ್’ ಮತ್ತು ‘ಫಿಲ್ಲರ್’ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ಅಲ್ಲ!

ಬೊಟಾಕ್ಸ್ ಎಂಬುದು ಒಂದು ಬ್ಯಾಕ್ಟೀರಿಯಾದ ನಂಜು. ಅತಿ ಸಣ್ಣ ಪ್ರಮಾಣದಲ್ಲಿ ಚುಚ್ಚಿದರೆ ಆ ಜಾಗದ ಸ್ನಾಯು ಕೆಲವು ತಿಂಗಳು ಸುಮ್ಮನಾಗುತ್ತದೆ. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಮೂಡುವ ಗೆರೆ ಮೂಡುವುದಿಲ್ಲ. 1987ರಲ್ಲಿ ಕೆನಡಾದ ವ್ಯಾಂಕೂವರಿನ ಕಣ್ಣಿನ ಡಾಕ್ಟರು ಜೀನ್ ಕಾರುದರ್ಸ್, ರೆಪ್ಪೆಯ ಸೆಳೆತಕ್ಕೆ ಇದನ್ನು ಚುಚ್ಚುತ್ತಿದ್ದಾಗ ರೋಗಿಯ ಹುಬ್ಬಿನ ನಡುವಿನ ಗೆರೆಯೂ ಮಾಯವಾದದ್ದನ್ನು ಗಮನಿಸಿದರು. ಕಣ್ಣಿನ ಮದ್ದು ಅಂದದ ಮದ್ದಾದದ್ದು ಹೀಗೆ. 2002ರಲ್ಲಿ ಅಮೆರಿಕ ಸರ್ಕಾರ ಗೆರೆಗೆ ಬಳಸಲು ಒಪ್ಪಿಗೆ ಕೊಟ್ಟಿತು.

ಫಿಲ್ಲರ್ ಕೆಲಸವೇ ಬೇರೆ. ಮೂಗಿನ ಬದಿಯಿಂದ ಬಾಯಂಚಿನವರೆಗೆ ಇಳಿಯುವ ಮಡಿಕೆ, ಕೆನ್ನೆಯ ಗುಳಿ, ತೆಳುವಾದ ತುಟಿ, ಇವನ್ನು ತುಂಬುವುದು. ಇಂದು ಹೆಚ್ಚಾಗಿ ಬಳಸುವುದು ಹಯಲ್ಯುರಾನಿಕ್ ಆಮ್ಲದ ಜೆಲ್. ಹೆಸರು ಕೇಳಿ ಹೆದರಬೇಡಿ. ಇದು ನಮ್ಮ ಚರ್ಮದಲ್ಲಿ, ಕೀಲಿನಲ್ಲಿ, ಕಣ್ಣಿನಲ್ಲಿ ಮೊದಲೇ ಇರುವ ವಸ್ತು. ನೀರನ್ನು ಹಿಡಿದಿಟ್ಟುಕೊಳ್ಳುವುದು ಇದರ ಗುಣ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದ್ದು ಯಾವುದರಿಂದ ಗೊತ್ತೇ? ದನದ ಕಣ್ಣಿನಿಂದ! ಈಗ ಬ್ಯಾಕ್ಟೀರಿಯಾ ಬೆಳೆಸಿ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ.

ಒಂದು ಸಿರಿಂಜಿನಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಮಿಲಿಲೀಟರ್. ಚಹಾ ಚಮಚದ ಐದನೇ ಒಂದು ಪಾಲು! ಬೆಲೆ? ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಅರ್ಧ ಕ್ವಿಂಟಾಲ್ ಅಡಿಕೆಯ ದುಡ್ಡು. ಬಾಳಿಕೆ ಆರು ತಿಂಗಳಿಂದ ಒಂದೂವರೆ ವರ್ಷ. ಆಮೇಲೆ ದೇಹ ಅದನ್ನು ಕರಗಿಸಿಕೊಳ್ಳುತ್ತದೆ, ಗೆರೆ ಮತ್ತೆ ಹಾಜರ್! ಒಟ್ಟಿನಲ್ಲಿ ಇದು ಕೊಂಡ ಮನೆಯಲ್ಲ, ಬಾಡಿಗೆ ಮನೆ.

ಚೆಲುವೆಯ ಮೂಗಿನ ಕಥೆ

ಈ ಚಪಲ ಹೊಸದೇನಲ್ಲ. 1899ರಲ್ಲೇ ವಿಯೆನ್ನಾದ ಡಾಕ್ಟರ್ ಗೆರ್ಸುನಿ ಎಂಬಾತ ಪ್ಯಾರಾಫಿನ್, ಅಂದರೆ ಒಂದು ಬಗೆಯ ಮೇಣವನ್ನು ಕರಗಿಸಿ ಚರ್ಮದಡಿ ಚುಚ್ಚುವ ವಿದ್ಯೆ ಶುರು ಮಾಡಿದ್ದ. ಶ್ರೀಮಂತರು ಮುಗಿಬಿದ್ದರು. ಗ್ಲಾಡಿಸ್ ಡೀಕನ್ ಎಂಬಾಕೆ ಯುರೋಪಿನಲ್ಲೆಲ್ಲ ಮನೆಮಾತಾದ ಚೆಲುವೆ. ಮುಂದೆ ಇಂಗ್ಲೆಂಡಿನ ಡಚೆಸ್ ಆದವಳು. ಇಪ್ಪತ್ತೆರಡರ ಹರೆಯದಲ್ಲಿ ತನ್ನ ಮೂಗು ಗ್ರೀಕ್ ಶಿಲ್ಪದ ಮೂಗಿನಂತೆ ನೇರವಾಗಬೇಕೆಂದು ಮೇಣ ಚುಚ್ಚಿಸಿಕೊಂಡಳು. ಆಮೇಲೇನಾಯಿತು? ಮೇಣ ಜಾಗ ಬಿಟ್ಟು ಗದ್ದದ ಕಡೆ ಇಳಿಯಿತು! ದೇವರು ಕೊಟ್ಟ ಚೆಲುವು ಕೈಯಾರೆ ಕೆಟ್ಟಿತು. ಮೇಣಕ್ಕೆ ವಾಪಸಾಗುವ ದಾರಿ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ.

ಮೇಣ ಹೋಗಿ ದ್ರವ ಸಿಲಿಕಾನ್ ಬಂತು. ಅದರಿಂದ ಗಂಟು, ಹುಣ್ಣು, ಸಾವು ಎಲ್ಲವೂ ಆಗಿ 1970ರ ದಶಕದ ಮಧ್ಯದಲ್ಲಿ ಅಮೆರಿಕದ ನೆವಾಡ ರಾಜ್ಯ ಅದನ್ನು ಚುಚ್ಚುವುದೇ ಅಪರಾಧ ಎಂದಿತು. 1981ರಲ್ಲಿ ದನದ ಚರ್ಮದಿಂದ ತೆಗೆದ ಕೊಲಾಜೆನ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಅದು ಕೆಲವರಿಗೆ ಒಗ್ಗುತ್ತಿರಲಿಲ್ಲ, ಮೊದಲು ಕೈಗೆ ಚುಚ್ಚಿ ವಾರಗಟ್ಟಲೆ ಕಾಯಬೇಕಿತ್ತು. 2003ರಲ್ಲಿ ಹಯಲ್ಯುರಾನಿಕ್ ಜೆಲ್‌ಗೆ ಒಪ್ಪಿಗೆ. ಇದರದೊಂದು ದೊಡ್ಡ ಅನುಕೂಲ ಏನೆಂದರೆ, ಕೆಟ್ಟರೆ ಕರಗಿಸುವ ಮದ್ದು ಇದೆ. ಹೆಸರು ಹಯಲ್ಯುರಾನಿಡೇಸ್. ಈ ಹೆಸರನ್ನು ನೆನಪಿಡಿ ಓದುಗರೇ, ಮುಂದೆ ಬೇಕಾಗುತ್ತದೆ.

ಶಿರಸಿಯ ಪಾರ್ಲರಿನಲ್ಲಿ

ಮಾರಿಕಾಂಬೆಯ ಜಾತ್ರೆ ನಡೆಯುವ ಬಿಡಕಿಬೈಲಿನಿಂದ ಸ್ವಲ್ಪ ದೂರದಲ್ಲಿ ಒಂದು ಬ್ಯೂಟಿ ಪಾರ್ಲರ್. ಒಡತಿ ಇಪ್ಪತ್ತು ವರ್ಷದಿಂದ ಮದುಮಗಳ ಶೃಂಗಾರ ಮಾಡುವವರು. “ಮೊದಲೆಲ್ಲ ಹುಡುಗಿಯರು ನಟಿಯ ಫೋಟೋ ತಂದು ಈ ತರ ಜಡೆ ಹಾಕಿ ಅಂತಿದ್ರು. ಈಗ ಮೊಬೈಲ್ ತೋರಿಸಿ ಈ ತರ ತುಟಿ ಮಾಡಿ ಅಂತಾರೆ. ತುಟಿ ಮಾಡೋಕೆ ನಾನೇನು ಬ್ರಹ್ಮನಾ?” ಎಂದು ನಕ್ಕರು.

ನಗು ನಿಲ್ಲಿಸಿ ಇನ್ನೊಂದು ಮಾತು ಹೇಳಿದರು. ಒಬ್ಬ ಏಜೆಂಟ್ ಬಂದಿದ್ದನಂತೆ. ಎರಡು ದಿನದ ತರಬೇತಿ, ಒಂದು ಸರ್ಟಿಫಿಕೇಟು, ಆಮೇಲೆ ನೀವೇ ಸೂಜಿ ಹಾಕಬಹುದು, ಕೈತುಂಬ ಲಾಭ ಎಂದನಂತೆ. “ನಾನು ಹುಬ್ಬು ತಿದ್ದುವವಳು. ಚರ್ಮದ ಕೆಳಗೆ ಯಾವ ನರ ಎಲ್ಲಿ ಹೋಗ್ತದೆ ಅಂತ ನಂಗೆ ಗೊತ್ತಿಲ್ಲ. ಹೋಗಪ್ಪ ಅಂದೆ.”

ಶಭಾಷ್ ಎನ್ನಬೇಕು! ಏಕೆಂದರೆ ಡಾಕ್ಟರುಗಳ ಮೇಲುಸ್ತುವಾರಿ ನೋಡುವ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ: ಕಾರ್ಯಾಗಾರದಲ್ಲಿ ಕೂತು ನೋಡಿದ್ದು, ಯೂಟ್ಯೂಬ್ ನೋಡಿ ಕಲಿತದ್ದು ಇಂಥ ಸೌಂದರ್ಯ ಚಿಕಿತ್ಸೆಗೆ ಸಾಲದು ಅಂತ. ಡಾಕ್ಟರಿಗೇ ಸಾಲದ ಕಲಿಕೆ ಪಾರ್ಲರಿಗೆ ಸಾಕಾದೀತೇ?

ರಾತ್ರಿ ಬಸ್ಸಿನಲ್ಲಿ ಆದದ್ದು

ಈಗ ಹೇಳುವ ಸಂಗತಿ ಕೇಳಿ ನನಗೇ ಮೈ ಜುಮ್ಮೆಂದಿತು.

ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ನಲವತ್ತೈದರ ಆಸುಪಾಸಿನ ಗೃಹಿಣಿ. ಮಗನ ಮುಂಜಿ ಗೊತ್ತಾಗಿತ್ತು. ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಎನ್ನುವ ಆಸೆ, ತಪ್ಪೇನಿದೆ? ಬೆಂಗಳೂರಿಗೆ ನೆಂಟರ ಮನೆಗೆ ಹೋದಾಗ ಒಂದು ಜಾಗದಲ್ಲಿ ಮೂಗಿನ ಬದಿಯ ಮಡಿಕೆಗೆ ಸೂಜಿ ಹಾಕಿಸಿಕೊಂಡರು. ಹಾಕಿದವರು ಡಾಕ್ಟರೋ ಅಲ್ಲವೋ ಕೇಳಲಿಲ್ಲ. ರಾತ್ರಿ ಶಿರಸಿ ಬಸ್ಸು ಹತ್ತಿದರು.

ತುಮಕೂರು ದಾಟುವಾಗ ಮೇಲ್ದುಟಿ ಬಿಗಿದಂತಾಯಿತು. ದಾವಣಗೆರೆ ಹೊತ್ತಿಗೆ ತಡೆಯಲಾರದ ನೋವು. ಬಸ್ಸಿನ ಮಬ್ಬು ಬೆಳಕಿನಲ್ಲಿ ಕೈಗನ್ನಡಿ ಹಿಡಿದು ನೋಡಿದರೆ ಮೂಗಿನ ಪಕ್ಕ ಒಂದು ಬಿಳಿ ಮಚ್ಚೆ. ಫೋನ್ ಮಾಡಿದರು. “ಐಸ್ ಇಡಿ, ಸರಿ ಹೋಗ್ತದೆ” ಎಂದರಂತೆ. ಓಡುವ ಬಸ್ಸಿನಲ್ಲಿ ಐಸ್ ಎಲ್ಲಿಂದ ಬರಬೇಕು? ಬೆಳಗ್ಗೆ ಶಿರಸಿಯಲ್ಲಿ ಇಳಿದಾಗ ಬಿಳಿ ಮಚ್ಚೆ ಹೋಗಿ ಬಲೆ ಬಲೆಯಾಗಿ ನೀಲಿ ಬಣ್ಣ. ನೋಡಿದ ಡಾಕ್ಟರು ಒಂದು ನಿಮಿಷವೂ ತಡ ಮಾಡದೆ ಹುಬ್ಬಳ್ಳಿಗೆ ಓಡಿಸಿದರು. ಮತ್ತೆ ಸುಮಾರು ನೂರು ಕಿಲೋಮೀಟರ್ ಪಯಣ! ಅಲ್ಲಿ ಕರಗಿಸುವ ಮದ್ದು, ಅದೇ ಹಯಲ್ಯುರಾನಿಡೇಸ್, ಮೇಲಿಂದ ಮೇಲೆ ಚುಚ್ಚಿದರು. ಮುಖ ಉಳಿಯಿತು. ಮೂಗಿನ ಪಕ್ಕ ಹುಣಸೆ ಬೀಜದಷ್ಟು ಕಲೆಯೂ ಉಳಿಯಿತು.

“ಗೆರೆ ಹೋಗ್ಲಿ ಅಂತ ಹೋದೆ, ಕಲೆ ತಂದೆ. ಮುಂಜಿಯ ಒಂದು ಫೋಟೋದಲ್ಲೂ ನಾನು ನೆಟ್ಟಗೆ ನಿಂತಿಲ್ಲ, ಬದಿಗೆ ತಿರುಗಿದ್ದೇನೆ” ಎಂದು ಆಲ್ಬಂ ತೋರಿಸಿದರು. ಹೆಸರು ಹಾಕಬೇಡಿ, ಆದರೆ ಬರೆಯಿರಿ ಎಂದರು. ಬರೆದಿದ್ದೇನೆ.

ಆದದ್ದೇನು? ಜೆಲ್ ಚರ್ಮದಡಿ ಇರುವ ಬದಲು ರಕ್ತನಾಳದೊಳಗೆ ಹೊಕ್ಕಿತ್ತು. ಕಾಲುವೆಗೆ ಮಣ್ಣು ಬಿದ್ದರೆ ತೋಟಕ್ಕೆ ನೀರಿಲ್ಲ ಅಲ್ಲವೇ? ಹಾಗೆಯೇ ರಕ್ತ ಸಿಗದ ಚರ್ಮ ಒಣಗಿ ಸಾಯುತ್ತದೆ. ಇದು ಅಪರೂಪವೇ. ಹೆಚ್ಚಿನವರಿಗೆ ನಾಲ್ಕು ದಿನದ ಬಾವು, ಸ್ವಲ್ಪ ಕಂದು ಬಿಟ್ಟರೆ ಏನೂ ಆಗುವುದಿಲ್ಲ. ಆದರೆ ಆದಾಗ ಗಂಟೆಗಳ ಲೆಕ್ಕ. ಹುಬ್ಬಿನ ನಡುವೆ, ಮೂಗಿನ ಮೇಲೆ ಚುಚ್ಚುವಾಗ ಇನ್ನೂ ಅಪಾಯ. ಅಲ್ಲಿನ ರಕ್ತನಾಳಗಳಿಗೂ ಕಣ್ಣಿನ ನಾಳಗಳಿಗೂ ಒಳಗೊಳಗೇ ಸಂಪರ್ಕವಿದೆ. ಜೆಲ್ ಅಲ್ಲಿಗೆ ಹೋದರೆ ದೃಷ್ಟಿಯೇ ಹೋಗಬಹುದು. ಆಗ ಗಂಟೆಗಳೂ ಅಲ್ಲ, ನಿಮಿಷಗಳ ಲೆಕ್ಕ!

ಬೆಂಗಳೂರಿನವರು ಆಟೋ ಹತ್ತಿ ವಾಪಸು ಹೋದಾರು. ಶಿರಸಿಗೆ ಬೆಂಗಳೂರು ಸುಮಾರು ನಾನೂರು ಕಿಲೋಮೀಟರ್. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು ಎಪ್ಪತ್ತು. ಮಳೆಗಾಲವಾದರೆ ರಸ್ತೆಯ ಮೇಲೆ ಮರ ಬಿದ್ದಿರುತ್ತದೆ. ಅದೇ ಸೂಜಿ, ಅದೇ ಜೆಲ್. ಆದರೆ ಘಟ್ಟದವರಿಗೆ ಅದರ ಅಪಾಯ ದೊಡ್ಡದು. ಸಿನಿಮಾ ತಾರೆಗೆ ಡಾಕ್ಟರು ಹತ್ತು ನಿಮಿಷದ ದೂರದಲ್ಲಿ ಇದ್ದಾರೆ, ನಿಮಗಿಲ್ಲ. ಈ ವ್ಯತ್ಯಾಸ ಯಾವ ಜಾಹೀರಾತಿನಲ್ಲೂ ಬರೆದಿರುವುದಿಲ್ಲ.

ಚೌಕಿಯ ಮಾತು

ಗೆರೆ ಎಂದ ಮೇಲೆ ಬಣ್ಣದವರನ್ನೇ ಕೇಳಬೇಕಲ್ಲ? ಸಿದ್ದಾಪುರದ ಹತ್ತಿರ ಒಂದು ಯಕ್ಷಗಾನ. ಆಟ ಶುರುವಾಗುವ ಮೊದಲು ಚೌಕಿಗೆ ನುಗ್ಗಿದೆ. ಎಪ್ಪತ್ತು ದಾಟಿದ ಸ್ತ್ರೀವೇಷಧಾರಿಯೊಬ್ಬರು ಕನ್ನಡಿ ಹಿಡಿದು ಕೂತಿದ್ದರು. ಮುಖ ಒಣಗಿದ ಗೋಟಡಿಕೆ. ಮುಕ್ಕಾಲು ಗಂಟೆಯಲ್ಲಿ ಅಲ್ಲಿ ಮೋಹಿನಿ ಕೂತಿದ್ದಳು!

ಫಿಲ್ಲರ್ ಬಗ್ಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದರು: “ತಮಾ, ಗೆರೆ ಹೋದ್ರೆ ರಸ ಎಲ್ಲಿಂದ ಬತ್ತು? ಹುಬ್ಬು ಹಾರ್ತಿಲ್ಲೆ, ಕೆನ್ನೆ ಕುಣೀತಿಲ್ಲೆ ಅಂದ್ರೆ ಭಸ್ಮಾಸುರ ಮರುಳಾಗ್ತಾ? ಬಣ್ಣ ಆದ್ರೆ ಬೆಳಗಾದ ಮೇಲೆ ಎಣ್ಣೆ ಹಚ್ಚಿ ಒರೆಸಿದ್ರಾತು.”

ಬಣ್ಣವೂ ಪೂರ್ತಿ ನಿರಪಾಯ ಅಲ್ಲ ಅನ್ನಿ. ಹಿಂದೆ ಯಕ್ಷಗಾನದವರು ಹಚ್ಚುತ್ತಿದ್ದ ಇಂಗಳೀಕದಲ್ಲಿ ಪಾದರಸ, ಅರದಾಳದಲ್ಲಿ ಆರ್ಸೆನಿಕ್! ಚೆಲುವಿಗೂ ವಿಷಕ್ಕೂ ನಂಟು ಹಳೆಯದು.

ಆದರೆ ಹಿರಿಯರ ಮಾತಿನಲ್ಲಿ ತೂಕವಿದೆ. ಭಸ್ಮಾಸುರ ಎಂದರೆ ನಮ್ಮ ಕಡೆ ಕಣ್ಣ ಮುಂದೆ ಬರುವುದು ಚಿಟ್ಟಾಣಿ ರಾಮಚಂದ್ರ ಹೆಗಡೆ. 2012ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತೊಂಬತ್ತು. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. 2017ರಲ್ಲಿ ತೀರಿಕೊಳ್ಳುವವರೆಗೂ ಆ ಮುಖದ ಗೆರೆ ಗೆರೆಯೂ ಕುಣಿಯುತ್ತಿತ್ತು. ಜನ ಅದನ್ನು ನೋಡಲೆಂದೇ ಹೋಗುತ್ತಿದ್ದರು.

ಸಿನಿಮಾದಲ್ಲೂ ಇದೇ ಅಲ್ಲವೇ? 2015ರ ‘ತಿಥಿ’ ಚಿತ್ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಹೊಡೆಯಿತು. ಅದರ ತಾರೆಯರು ಯಾರು? ಮಂಡ್ಯದ ಹಳ್ಳಿಯ ಗಡ್ಡಪ್ಪ, ಸೆಂಚುರಿ ಗೌಡ! ಬಿಸಿಲು ಗೀಚಿದ ಆ ಮುಖಗಳನ್ನು ಯಾವ ಮೇಕಪ್‌ಮನ್ ಮಾಡಬಲ್ಲ? 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಮರೆವಿನ ರೋಗದ ತಂದೆಯಾಗಿ ಅನಂತನಾಗ್ ಕಣ್ಣಂಚಿನ ಸುಕ್ಕಿನಲ್ಲೇ ಅರ್ಧ ಸಂಭಾಷಣೆ ಹೇಳಿಬಿಟ್ಟರು. ಹಣೆ ಅಲುಗದ ನಟನಿಂದ ಇದು ಆದೀತೇ?

ಹಾಗಂತ ಒಂದು ಅನ್ಯಾಯ ಮುಚ್ಚಿಡಬಾರದು. ನಾನು ಕೊಟ್ಟ ಹೆಸರು ನೋಡಿ, ಎಲ್ಲವೂ ಗಂಡಸರದೇ! ಗಂಡಸಿನ ಗೆರೆ ಅನುಭವ, ಹೆಣ್ಣಿನ ಗೆರೆ ಮಾತ್ರ ವಯಸ್ಸು. ಈ ನಿಯಮ ಬರೆದವರು ಸೂಜಿ ಹಾಕಿಸಿಕೊಳ್ಳುವ ಹೆಣ್ಣನ್ನು ನೋಡಿ ನಗುವುದು ಯಾವ ನ್ಯಾಯ?

ಯಲ್ಲಾಪುರದ ಹುಡುಗಿ

ಕೊನೆಗೆ ಯಲ್ಲಾಪುರ. ಇಪ್ಪತ್ಮೂರರ ಹುಡುಗಿ. ಕಾಲೇಜು ನಾಟಕದಲ್ಲಿ ಬಹುಮಾನ ಗಳಿಸಿದವಳು. ಧಾರಾವಾಹಿಗೆ ಪ್ರಯತ್ನ ಮಾಡುತ್ತಿದ್ದಾಳೆ. ಬೆಂಗಳೂರಿನಲ್ಲಿ ಯಾರೋ ಹೇಳಿದರಂತೆ, “ಮುಖ ಚೆನ್ನಾಗಿದೆ, ತುಟಿ ಸ್ವಲ್ಪ ತುಂಬಿಸಿಕೋ, ಆಮೇಲೆ ಬಾ.” ತಾಯಿ ಸೊಸೈಟಿಯಲ್ಲಿ ಇಟ್ಟ ದುಡ್ಡು ತೆಗೆಯಲು ಸಿದ್ಧ. ತಂದೆಗೆ ಹೆದರಿಕೆ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡ ಸುದ್ದಿಯನ್ನು ಅವರು ಮರೆತಿಲ್ಲ. ಆಗ ಆಕೆಗೆ ಬರೀ 21. ಅದು ದೊಡ್ಡ ಶಸ್ತ್ರಚಿಕಿತ್ಸೆ, ಇದು ಸೂಜಿ, ಎರಡೂ ಬೇರೆ ಎಂದೆ. “ಬೇರೆ ಇರಬಹುದು. ಮಗಳು ಒಬ್ಬಳೇ ಅಲ್ವ ಸ್ವಾಮಿ?” ಎಂದರು. ಉತ್ತರ ಹೊಳೆಯಲಿಲ್ಲ.

ಹುಡುಗಿ ನನ್ನನ್ನೇ ಕೇಳಿದಳು, “ಮಾಡಿಸಿಕೊಳ್ಳಲಾ, ಬೇಡ್ವಾ?” ಅದನ್ನು ಹೇಳಲು ನಾನು ಯಾರು? ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ಮಾತ್ರ ಬರೆದುಕೊಟ್ಟೆ. ನಿಮಗೂ ಕೊಡುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ಒಂದು: ಸೂಜಿ ಹಿಡಿಯುವವರು ಯಾರು? ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿ ಓದಿದ ಡಾಕ್ಟರೇ? ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು? ಕೇಳಿದರೆ ಸಿಟ್ಟಾಗುವವರ ಹತ್ತಿರ ಕೂರಲೇಬೇಡಿ.

ಎರಡು: ಚುಚ್ಚುವುದು ಏನು? ಸೀಲ್ ಮಾಡಿದ ಪೆಟ್ಟಿಗೆ ನಿಮ್ಮ ಕಣ್ಣೆದುರೇ ಒಡೆಯಬೇಕು. ಹೆಸರು, ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಕು ಬರೆದ ಚೀಟಿ ನಿಮ್ಮ ಕೈಗೆ ಬರಬೇಕು.

ಮೂರು: ಹಯಲ್ಯುರಾನಿಡೇಸ್ ಇದೆಯೇ? “ತರಿಸ್ತೇವೆ” ಅಲ್ಲ, ಈಗ ಈ ಕೋಣೆಯಲ್ಲಿ ಇದೆಯೇ? ತೋರಿಸಿ ಅನ್ನಿ.

ನಾಲ್ಕು: ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಯಾವ ಆಸ್ಪತ್ರೆಗೆ ಬರಬೇಕು?

ಗರ್ಭಿಣಿಯರು, ಎದೆಹಾಲು ಕೊಡುವ ತಾಯಂದಿರು, ಆ ಜಾಗದಲ್ಲಿ ಮೊಡವೆ ಹುಣ್ಣು ಇರುವವರು ಈ ಸೂಜಿಯ ತಂಟೆಗೆ ಹೋಗಬಾರದು. ನಮ್ಮ ಊರಿನವರಿಗೆ ವಿಶೇಷ ಮಾತು: ವರ್ಷಗಟ್ಟಲೆ ಕವಳ ಹಾಕಿ ಕೆನ್ನೆ ಗಟ್ಟಿಯಾಗಿ ಒಳಸೇರಿದ್ದರೆ, ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ ಅದು ಫಿಲ್ಲರ್ ತುಂಬುವ ಗುಳಿಯಲ್ಲ, ರೋಗ. ಮೊದಲು ದಂತವೈದ್ಯರಿಗೆ ತೋರಿಸಿ. ಗೆರೆ ತಡವಾಗಿ ಬರಲಿ ಎನ್ನುವವರಿಗೆ ಬಿಟ್ಟಿ ಮದ್ದು ಬೇರೆ ಇದೆ. ತೋಟಕ್ಕೆ, ಗದ್ದೆಗೆ ಹೋಗುವಾಗ ತಲೆಗೆ ಹಾಳೆ ಟೊಪ್ಪಿ, ಬೀಡಿ ಸಿಗರೇಟಿಗೆ ನಮಸ್ಕಾರ! ಚರ್ಮವನ್ನು ಬೇಗ ಸುಕ್ಕಾಗಿಸುವ ದೊಡ್ಡ ವೈರಿಗಳು ಬಿಸಿಲು ಮತ್ತು ಹೊಗೆ.

ಆ ಹುಡುಗಿ ಏನು ಮಾಡಿದಳು ಎನ್ನುವಿರಾ? ಹೋದಳು, ಕೇಳಿದಳು. ಮೂರನೇ ಪ್ರಶ್ನೆಗೆ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಎದ್ದು ಬಂದಳು. “ಬೇರೆ ಕಡೆ ಕೇಳ್ತೇನೆ. ಆಸೆ ಬಿಟ್ಟಿಲ್ಲ” ಎಂದು ಫೋನಿನಲ್ಲಿ ಹೇಳಿದಳು. ಬಿಡಬೇಕೆಂದು ನಾನೂ ಹೇಳಲಿಲ್ಲ. ತುಟಿ ತುಂಬಿಸಿಕೊಂಡು ಬಾ ಎಂದವರು ಪಾತ್ರ ಕೊಡುತ್ತೇವೆ ಎಂದು ಬರೆದು ಕೊಟ್ಟಿದ್ದಾರೆಯೇ ಎಂದು ಮಾತ್ರ ಕೇಳಿದೆ. ಆ ಕಡೆಯಿಂದ ಉತ್ತರ ಬರಲಿಲ್ಲ.

ಮುಖ ನಿಮ್ಮದು, ದುಡ್ಡು ನಿಮ್ಮದು ಓದುಗರೇ. ಬೇಕಾದರೆ ಹಾಕಿಸಿಕೊಳ್ಳಿ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಆದರೆ ಸೂಜಿ ಚುಚ್ಚಿಸಿಕೊಂಡ ದಿನವೇ ಊರಿನ ಬಸ್ಸು ಹತ್ತಬೇಡಿ. ಒಂದೆರಡು ರಾತ್ರಿ ಆ ಡಾಕ್ಟರು ಇರುವ ಊರಿನಲ್ಲೇ ಉಳಿಯಿರಿ. ನೋವು ಏರಿದರೆ, ಬಿಳಿ ಮಚ್ಚೆ ಕಂಡರೆ, ಕಣ್ಣು ಮಂಜಾದರೆ ಐಸ್ ಹುಡುಕುತ್ತ ಕೂರದೆ ಡಾಕ್ಟರ ಬಾಗಿಲು ಬಡಿಯಿರಿ. ಶಿರಸಿ ಬಸ್ಸು ನಾಡಿದ್ದೂ ಇರುತ್ತದೆ.